ಬೆಂದರೂ ಬಿಡದ ಕೆಂಪು

ಸೂಜಿಯಕ್ಕ ಎಂದು ಅವಳಿಗೆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಯಾರೇ ಆಗಲಿ, ಅವಳ ಕೈಯಲ್ಲಿದ್ದ ಸೂಜಿಯನ್ನಷ್ಟೇ ನೋಡಿ ಇಟ್ಟಿರಲಿಕ್ಕಿಲ್ಲ. ಬಸ್ ಡಿಪೋದ ಹಿಂದಿನ ಬೀದಿಯಲ್ಲಿ, ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಅವಳ ಅಂಗಡಿ. ಅಂಗಡಿಯೆಂದರೆ ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಯ ಮೊಳೆಗಳಿಗೆ ನೇತುಬಿದ್ದ ಪ್ಯಾಂಟು ಕೋಟುಗಳು. ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಉದ್ದದ್ದನ್ನು ಗಿಡ್ಡ ಮಾಡುವುದು, ಕಿತ್ತುಹೋದ ಜಿಪ್ಪು ಬದಲಿಸುವುದು, ದಪ್ಪಗಾದವರಿಗೆ ಸೊಂಟದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುವುದು, ಇಂಥವೇ ಕೆಲಸ. "ನಾನೇನೂ ದಪ್ಪ ಆಗಿಲ್ಲ, ಒಗೆದು ಒಗೆದು ಬಟ್ಟೆ ಕುಗ್ಗಿದೆ" ಎನ್ನುವ ಗಿರಾಕಿಯನ್ನು ಅವಳು ಅಡಿಯಿಂದ ಮುಡಿಯವರೆಗೆ ನೋಡಿ, "ಬಟ್ಟೆ ಬರೀ ಹೊಟ್ಟೆ ಹತ್ರ ಕುಗ್ಗುತ್ತಾ?" ಎಂದು ಕೇಳಿಯೇ ಟೇಪು ಕೈಗೆತ್ತಿಕೊಳ್ಳುತ್ತಿದ್ದಳು.

ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಹಾಲು ತಂದರೆ ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟು, ಅದು ನಿಲ್ಲುತ್ತದೋ ಜಾರುತ್ತದೋ ನೋಡುವಳು. ಮೊಟ್ಟೆಯನ್ನು ನೀರಿನಲ್ಲಿ ತೇಲಿಸಿ ನೋಡುವಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ಬೇರೆಯವರಿಗೆ ಗಾದೆ, ಅವಳಿಗೆ ದಿನಚರಿ. ಇದು ಹುಟ್ಟುಗುಣವೇನಲ್ಲ. ಮದುವೆಗೆ ಮುಂಚೆ ಅವಳು ಒಂದು ಬಟ್ಟೆ ಕಾರ್ಖಾನೆಯಲ್ಲಿದ್ದಳು. ಕಂಬಳಿಗಳ ಮೂಲೆಗೆ 'ಶುದ್ಧ ಉಣ್ಣೆ' ಎಂಬ ಚೀಟಿ ಹೊಲಿಯುವ ಕೆಲಸ. ಕಂಬಳಿ ಕೆಳಗಿನ ಮಹಡಿಯಿಂದ ಬರುತ್ತಿತ್ತು, ಚೀಟಿ ಮೇಲಿನ ಮಹಡಿಯಿಂದ ಬರುತ್ತಿತ್ತು, ಎರಡಕ್ಕೂ ಪರಸ್ಪರ ಪರಿಚಯವೇ ಇರಲಿಲ್ಲ. ಒಂದು ದಿನ ಊಟದ ವಿರಾಮದಲ್ಲಿ ಅವಳು ಕಂಬಳಿಯ ಒಂದೆಳೆ ಕಿತ್ತು ಬೆಂಕಿಕಡ್ಡಿ ಗೀರಿ ಹಿಡಿದಳು. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಬೇಕಿತ್ತು. ಆ ಎಳೆ ಕರಗಿ, ಕರಿಮಣಿಯ ಹಾಗೆ ಉಂಡೆಯಾಗಿ ಕೂತಿತು. ಅವತ್ತಿನಿಂದ, ಬರೆದದ್ದು ಕಂಡರೆ ಮೊದಲು ತಿರುಗಿಸಿ ನೋಡುವುದು ಅವಳಿಗೆ ಅಭ್ಯಾಸವಾಯಿತು.

ಗಂಡ ಸಿಟಿ ಬಸ್ ಡ್ರೈವರ್. ಹೆಂಡತಿ ಎಷ್ಟು ಅನುಮಾನವೋ ಅವನು ಅಷ್ಟು ನಂಬಿಕೆ. ಬೀದಿಯಲ್ಲಿ ಯಾರು ಏನು ಮಾರಿದರೂ ಕೊಂಡು ತರುವವನು. ಕೊಟ್ಟದ್ದನ್ನು ತಿಂದು, ಹೇಳಿದ್ದನ್ನು ಕೇಳಿ, ಮಲಗಿದ ಕೂಡಲೇ ನಿದ್ದೆಹೋಗುವ ಮನುಷ್ಯ. ಅವನ ಊಟದ ಡಬ್ಬಿಯಲ್ಲಿ ದಿನಾ ಒಂದೇ ಸರಕು: ಎರಡು ಬ್ರೆಡ್ಡು, ನಡುವೆ ಹೊಗೆಯಲ್ಲಿ ಹದ ಮಾಡಿದ ಮಾಂಸದ ತೆಳ್ಳಗಿನ ಹೋಳುಗಳು. ಸೂಪರ್ ಮಾರ್ಕೆಟ್ಟಿನ ಪ್ಯಾಕೆಟ್ಟಿನದು. ಅದಿಲ್ಲದೆ ಅವನಿಗೆ ಮಧ್ಯಾಹ್ನವೇ ಆಗುತ್ತಿರಲಿಲ್ಲ.

ಅಂಥವನಿಗೆ ತಲೆನೋವು ಶುರುವಾಯಿತು. ಸಾಮಾನ್ಯದ್ದಲ್ಲ. ಮೊದಲು ಕಣ್ಣಿನ ಅಂಚಿನಲ್ಲಿ ಮಿಣುಕು ಮಿಣುಕು, ಆಮೇಲೆ ತಲೆಯ ಒಂದು ಬದಿಗೆ ಯಾರೋ ಗೂಟ ಹೊಡೆದ ಹಾಗೆ. ಒಂದು ದಿನ ದಾರಿಯ ಮಧ್ಯದಲ್ಲಿ ಎದುರಿನ ರಸ್ತೆಯ ಅರ್ಧ ಭಾಗವೇ ಕಾಣಿಸದಂತಾಗಿ, ಹೇಗೋ ಬಸ್ಸನ್ನು ಪಕ್ಕಕ್ಕೆ ಹಾಕಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟುಬಿಟ್ಟ. ಹಿಂದಿನ ಸೀಟಿನವರು ಬೈದರು, ಮುಂದಿನವರು ನೀರು ಕೊಟ್ಟರು. ಡಿಪೋದವರು ಬೈಯಲೂ ಇಲ್ಲ, ನೀರನ್ನೂ ಕೊಡಲಿಲ್ಲ. ಡಾಕ್ಟರು ಸರಿ ಎನ್ನುವವರೆಗೆ ಗೇಟಿನ ಹತ್ತಿರ ಕೂತಿರು ಎಂದರು. ಅಷ್ಟು ವರ್ಷ ಬಸ್ಸು ಓಡಿಸಿದ ಕೈಗೆ ಬಸ್ಸು ಬಂದಾಗ ಸರಪಳಿ ಬಿಡುವ ಕೆಲಸ ಬಂತು.

ಡಾಕ್ಟರಮ್ಮ ನಡುವಯಸ್ಸಿನ, ಗಡಿಬಿಡಿಯಿಲ್ಲದ ಹೆಂಗಸು. ಏನು ಕುಡಿಯುತ್ತೀರಿ, ಎಷ್ಟು ಮಲಗುತ್ತೀರಿ, ಏನು ತಿನ್ನುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಮಾಂಸದ ಮಾತು ಬಂದಾಗ ಪೆನ್ನು ಕೆಳಗಿಟ್ಟರು.

"ಆ ಪ್ಯಾಕೆಟ್ ಮಾಂಸದಲ್ಲಿ ನೈಟ್ರೈಟ್ ಅಂತ ಒಂದು ಉಪ್ಪು ಹಾಕ್ತಾರೆ. ಬೇಗ ಕೆಡಬಾರದು, ಬಣ್ಣ ಹೋಗಬಾರದು ಅಂತ. ಎಲ್ಲರಿಗೂ ಅದರಿಂದ ತಲೆನೋವು ಬರಲ್ಲ. ಕೆಲವರಿಗೆ ಬರುತ್ತೆ. ಸ್ವಲ್ಪ ದಿನ ಬಿಟ್ಟು ನೋಡೋಣ."

"ಬಿಟ್ರೆ ಹೋಗುತ್ತೆ ಅಂತ ಗ್ಯಾರಂಟಿನಾ?" ಎಂದಳು ಸೂಜಿಯಕ್ಕ.

"ಗ್ಯಾರಂಟಿ ಬೇಕಾದ್ರೆ ಫ್ರಿಜ್ ಅಂಗಡಿಗೆ ಹೋಗಿಯಮ್ಮ. ಇಲ್ಲಿ ಪ್ರಯತ್ನ ಮಾತ್ರ ಸಿಗೋದು."

ಆ ಉತ್ತರ ಅವಳಿಗೆ ಹಿಡಿಸಿತು. ಗ್ಯಾರಂಟಿ ಕೊಟ್ಟಿದ್ದರೆ ಬೇರೆ ಡಾಕ್ಟರನ್ನು ಹುಡುಕುತ್ತಿದ್ದಳು.

ಸೂಪರ್ ಮಾರ್ಕೆಟ್ಟಿಗೆ ಹೋಗಿ ತಣ್ಣನೆಯ ಕಪಾಟಿನ ಮುಂದೆ ನಿಂತು ಒಂದೊಂದೇ ಪ್ಯಾಕೆಟ್ಟು ತಿರುಗಿಸಿದಳು. ಮುಂದುಗಡೆ ಹಸಿರು ಗುಡ್ಡ, ಮರದ ಬೇಲಿ, 'ಹಳ್ಳಿಯ ರುಚಿ'. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರ. ಕೆಲವದರಲ್ಲಿ ನೈಟ್ರೈಟ್ ಎಂದೇ ಇತ್ತು. ಕೆಲವದರಲ್ಲಿ ಹೆಸರಿನ ಬದಲು ಬರೀ ಒಂದು ಅಂಕಿ. ಹೆಸರಿರುವ ಮನುಷ್ಯ ಹೆಸರು ಬಿಟ್ಟು ನಂಬರು ಹೇಳಿದರೆ ಅವನು ಜೈಲಿನಿಂದ ಬಂದವನೇ ಇರಬೇಕು ಎಂದುಕೊಂಡು ಅವನ್ನೂ ವಾಪಸ್ಸಿಟ್ಟಳು. ಮನೆಗೆ ಬರಿಗೈಯಲ್ಲಿ ಬಂದಳು. ಮರುದಿನದಿಂದ ಬ್ರೆಡ್ಡಿನ ನಡುವೆ ಮೊಟ್ಟೆ.

ತಲೆನೋವು ಕಡಿಮೆಯಾಗುತ್ತ ಬಂತು. ಮುಂದಿನ ತಿಂಗಳಲ್ಲಿ ಬರಲೇ ಇಲ್ಲ. ಡಾಕ್ಟರಮ್ಮ ಕಾಗದಕ್ಕೆ ಸಹಿ ಹಾಕಿದರು, ಅವನು ಮತ್ತೆ ಬಸ್ಸು ಹತ್ತಿದ. ಆದರೆ ಊಟದ ಡಬ್ಬಿ ತೆಗೆದಾಗಲೆಲ್ಲ ಅವನ ಮುಖ ಸಪ್ಪೆ. "ಮೊಟ್ಟೆ ತಿಂದು ತಿಂದು, ಸ್ಟಾಪಿನಲ್ಲಿ ಹಾರ್ನ್ ಒತ್ತೋ ಬದಲು ಕೊಕ್ಕೊಕ್ಕೊ ಅಂತೀನೇನೋ ಅನ್ನಿಸ್ತಿದೆ" ಎಂದು ಗೊಣಗುತ್ತಿದ್ದ.

ಇದು ಅವನ ತಮ್ಮನ ಕಿವಿಗೆ ಬಿತ್ತು. ಈ ಮೈದುನನದು ಎರಡು ಬೀದಿ ಆಚೆ ಮಾಂಸದ ಅಂಗಡಿ. ಮೇಲಿನ ಮನೆಯಲ್ಲಿ ಹೆಂಡತಿ, ತಾಯಿಯ ಜೊತೆ ವಾಸ. ಅಲ್ಲಿಯವರೆಗೆ ಹಸಿ ಮಾಂಸ ಮಾತ್ರ ಮಾರುತ್ತಿದ್ದವನು ಹೊಸದಾಗಿ ಒಂದು ಗಾಜಿನ ಕಪಾಟು ತರಿಸಿ, ಹಿತ್ತಲಿನಲ್ಲಿ ಹೊಗೆ ಹಾಕುವ ಗೂಡು ಕಟ್ಟಿಸಿ, ಹದ ಮಾಡಿದ ಮಾಂಸ ಮಾರಲು ತೊಡಗಿದ. ಕಪಾಟಿನ ಮೇಲೆ ಬೋರ್ಡು: 'ರಾಸಾಯನಿಕವಿಲ್ಲ. ಸಂರಕ್ಷಕವಿಲ್ಲ. ಬರೀ ಉಪ್ಪು, ಹೊಗೆ, ಶ್ರದ್ಧೆ.' ಮೊದಲ ಗೂಡಿನದನ್ನೇ ಕಾಗದದಲ್ಲಿ ಸುತ್ತಿ ಅಣ್ಣನ ಮನೆಗೆ ತಂದ.

"ಅತ್ತಿಗೆ, ಇದನ್ನ ಅಣ್ಣನಿಗೋಸ್ಕರವೇ ಶುರು ಮಾಡಿದ್ದು. ಉಪ್ಪು, ಮೆಣಸು, ಒಂದಿಷ್ಟು ಮಸಾಲೆ, ಹೊಗೆ. ಬೇರೆ ಏನೂ ಇಲ್ಲ."

"ಒಂದಿಷ್ಟು ಮಸಾಲೆ ಅಂದ್ರೆ?"

"ಮಸಾಲೆ ಅಂದ್ರೆ ಮಸಾಲೆ ಅತ್ತಿಗೆ. ನನ್ನ ಮೇಲೂ ನಂಬಿಕೆ ಇಲ್ವಾ?"

ಇತ್ತು. ಅವಳು ಮದುವೆಯಾಗಿ ಬಂದಾಗ ಈ ಮೈದುನ ಶಾಲೆಗೆ ಹೋಗುತ್ತಿದ್ದ. ಅವನ ಪ್ಯಾಂಟಿನ ಮೊಣಕಾಲಿಗೆ ತೇಪೆ ಹಾಕಿದವಳು ಅವಳೇ, ಜ್ವರ ಬಂದಾಗ ಗಂಜಿ ಕುಡಿಸಿದವಳೂ ಅವಳೇ. ಹೊಟ್ಟೆಯಲ್ಲಿ ಹುಟ್ಟಲಿಲ್ಲ ಅನ್ನುವುದೊಂದು ಬಿಟ್ಟರೆ ಮಗನೇ. ಹಾಗಾಗಿ ಪ್ರಮಾಣಿಸದೆ ಪೊಟ್ಟಣ ಒಳಗಿಟ್ಟಳು. ಮೊಟ್ಟೆಗೆ ರಜೆ ಸಿಕ್ಕಿತು. ಗಂಡ ಸೀಟಿ ಹಾಕುತ್ತ ಡಿಪೋಗೆ ಹೋದ.

ಸ್ವಲ್ಪ ದಿನಕ್ಕೆ ತಲೆನೋವು ಮರಳಿ ಬಂತು.

ಸೂಜಿಯಕ್ಕನ ಅನುಮಾನ ಮೊದಲು ಹೋದದ್ದು ಗಂಡನ ಮೇಲೆ. ಬಾಯಿಚಪಲದವನು, ಡಿಪೋದ ಕ್ಯಾಂಟೀನಿನಲ್ಲಿ ಅದೇ ಪ್ಯಾಕೆಟ್ ಮಾಂಸದ ಸಾಸೇಜು ತಿನ್ನುತ್ತಿರಬೇಕು. ಅವನು ಸ್ನಾನಕ್ಕೆ ಹೋದಾಗ ಅಂಗಿಯ ಜೇಬು ತಡಕಿದಳು. ಕರವಸ್ತ್ರ ಮೂಸಿದಳು. ಏನೂ ಸಿಗದಿದ್ದಾಗ ಸಮಾಧಾನವಾಗುವ ಬದಲು, ಇವನು ಇಷ್ಟು ಜಾಣ ಯಾವಾಗ ಆದ ಅನ್ನಿಸಿತು. ಒಂದು ಮಧ್ಯಾಹ್ನ ಅಂಗಡಿಗೆ ಬಾಗಿಲೆಳೆದು ನೇರ ಕ್ಯಾಂಟೀನಿಗೇ ಹೋದಳು. ಅಲ್ಲಿ ಬಡಿಸುವ ಹೆಂಗಸು ಚಹಾ ಸೋಸುತ್ತಿದ್ದಳು.

"ನಮ್ಮನೆಯವರು ಇಲ್ಲಿ ಏನು ತಿಂತಾರೆ?"

"ಯಾರು ನಿಮ್ಮನೆಯವರು?"

"ಎತ್ತರಕ್ಕೆ, ಬಲಗಡೆ ಮೀಸೆ ಸ್ವಲ್ಪ ಗಿಡ್ಡ."

"ಓ, ಅವರಾ. ಚಹಾ ಕುಡೀತಾರೆ. ಡಬ್ಬಿ ಊಟ ಮಾಡ್ತಾರೆ."

"ಸಾಸೇಜು?"

"ನಮ್ಮಲ್ಲಿ ಸಾಸೇಜು ನಿಲ್ಲಿಸಿ ಎಷ್ಟು ದಿನ ಆಯ್ತೋ. ಯಾಕಮ್ಮ, ಮನೇಲಿ ಏನಾದ್ರೂ ತೊಂದರೆನಾ?"

ಹಿಂದಿನ ಮೇಜಿನಲ್ಲಿ ಕೂತಿದ್ದ ಡ್ರೈವರುಗಳು ಚಹಾ ಕುಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು. ಅವಳು ಮನೆ ಮುಟ್ಟುವ ಮುಂಚೆಯೇ ಸುದ್ದಿ ಅವನನ್ನು ಮುಟ್ಟಿತ್ತು. ಸಂಜೆ ಬಂದವನು ಶೂ ಕೂಡ ಬಿಚ್ಚಲಿಲ್ಲ. ಜೇಬಿನಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದ. ಬಾಚಣಿಗೆ, ಬಸ್ಸಿನ ಬೀಗದ ಕೈ, ಒಂದು ಪೆಪ್ಪರಮಿಂಟು.

"ಇನ್ನೇನು ನೋಡಬೇಕು? ಬಾಯಿ ತೆಗೀಲಾ?"

"ನಿಮ್ಮ ತಲೆನೋವಿಗೇ ತಾನೇ ನಾನು ಹೋಗಿದ್ದು."

"ತಲೆನೋವು ನನ್ನದು. ನೀನು ನನ್ನ ಕೇಳಬಹುದಿತ್ತು."

"ಕೇಳಿದ್ರೆ ನೀವು ಹೇಳ್ತಿದ್ರಾ?"

"ತಿಂದಿದ್ರೆ ತಾನೇ ಹೇಳೋದು" ಎಂದವನು ಒಳಗೆ ಹೋಗಿ, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ. ಅವನ ದನಿಯಲ್ಲಿ ಸಿಟ್ಟಿದ್ದಿದ್ದರೆ ಅವಳು ಜಗಳವಾಡುತ್ತಿದ್ದಳು. ಸಿಟ್ಟಿರಲಿಲ್ಲ, ಸುಸ್ತಿತ್ತು. ಅವಳು ಪೆಪ್ಪರಮಿಂಟನ್ನು ಎತ್ತಿ ಡಬ್ಬಿಗೆ ಹಾಕಿದಳು.

ಗಂಡ ತಿಂದಿಲ್ಲ. ಹಾಗಾದರೆ ಏನು? ಆ ವಾರ ಅವಳು ಮೈದುನ ಕೊಟ್ಟ ಮಾಂಸದ ಒಂದು ತುಂಡನ್ನು ಆಲೂಗಡ್ಡೆಯ ಜೊತೆ ಬೇಯಿಸಿದ್ದಳು. ಬಡಿಸುವಾಗ ಸೌಟು ಅಲ್ಲೇ ನಿಂತಿತು. ಅಷ್ಟು ಹೊತ್ತು ಕುದಿದರೂ ಮಾಂಸ ತಿಳಿಗೆಂಪಗೆ, ಆಗ ತಾನೇ ಸ್ನಾನ ಮಾಡಿ ಬಂದ ಮಗುವಿನ ಕೆನ್ನೆಯ ಹಾಗೆ ಹೊಳೆಯುತ್ತಿತ್ತು. ಬಣ್ಣದ ವಿಷಯ ಅವಳಿಗೆ ಹೊಸದಲ್ಲ. ಬಿಸಿ ನೀರಿಗೆ ಹಾಕಿದರೂ ಬಿಡದ ಬಣ್ಣವನ್ನು ಬಟ್ಟೆಯವರು ಪಕ್ಕಾ ಬಣ್ಣ ಎನ್ನುತ್ತಾರೆ. ಬಣ್ಣ ತಾನಾಗಿ ಪಕ್ಕಾ ಆಗುವುದಿಲ್ಲ, ಯಾರೋ ಅದನ್ನು ಕಚ್ಚಿಸಿರಬೇಕು.

ಬೇರೆ ಅಂಗಡಿಯಿಂದ ಅಂಥದೇ ಹಸಿ ತುಂಡು ತಂದಳು. ಉಪ್ಪು ಮೆಣಸು ಸವರಿ, ಮುಚ್ಚಿ, ಫ್ರಿಜ್ಜಿನಲ್ಲಿ ಕೆಲವು ದಿನ ಇಟ್ಟು ಬೇಯಿಸಿದಳು. ಅದು ನೆಲ ಒರೆಸಿದ ಬಟ್ಟೆಯ ಬಣ್ಣಕ್ಕೆ ಬಂತು. ಮೈದುನನ ಇನ್ನೊಂದು ತುಂಡನ್ನೂ ಬೇಯಿಸಿ, ಎರಡು ತಟ್ಟೆಯನ್ನೂ ಪಕ್ಕಪಕ್ಕ ಇಟ್ಟು ಕೂತಳು. ಇದರಲ್ಲೂ ಉಪ್ಪು, ಅದರಲ್ಲೂ ಉಪ್ಪು. ವ್ಯತ್ಯಾಸ ಹೊಗೆಯದ್ದೋ, 'ಒಂದಿಷ್ಟು ಮಸಾಲೆ'ಯದ್ದೋ, ಇಲ್ಲಾ ಶ್ರದ್ಧೆಯದ್ದೋ.

ಮರುದಿನ ಬೆಳಿಗ್ಗೆ ಮೈದುನ ಸಂತೆಗೆ ಹೋಗಿರುವ ಹೊತ್ತು ನೋಡಿ ಅಂಗಡಿಯ ಹಿಂಬಾಗಿಲಿಗೆ ಹೋದಳು. ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ದೊಡ್ಡ ತೊಟ್ಟಿಯಲ್ಲಿ ಉಪ್ಪುನೀರು ಕಲಸುತ್ತಿದ್ದಳು. ತೆಳುವಾದ, ಮಾತು ಕಡಿಮೆಯ ಹೆಂಗಸು. ಕಾಗದದ ಚೀಲದಿಂದ ನಸುಹಳದಿ ಪುಡಿಯನ್ನು ತಕ್ಕಡಿಯಲ್ಲಿ ತೂಗಿ ನೀರಿಗೆ ಹಾಕುವುದನ್ನು ಸೂಜಿಯಕ್ಕ ಬಾಗಿಲಲ್ಲೇ ನಿಂತು ನೋಡಿದಳು.

"ಏನದು?"

ಓರಗಿತ್ತಿ ಬೆಚ್ಚಿಬಿದ್ದಳು. "ಅಕ್ಕ, ನೀವಾ. ಏನಿಲ್ಲ, ಮಸಾಲೆ" ಎನ್ನುತ್ತ ಚೀಲವನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವಳು ಯಾರೂ ಕಳ್ಳ ಎನ್ನುವ ಮುಂಚೆಯೇ ಮುಟ್ಟಿಕೊಂಡಳು ಎಂದುಕೊಂಡಳು ಸೂಜಿಯಕ್ಕ. ಮಸಾಲೆ ಎಂದರೆ ಘಮ ಇರಬೇಕು. ಇದಕ್ಕೆ ಒಣಗಿದ ಸೊಪ್ಪಿನ ಮಂಕು ವಾಸನೆ. ಮಸಾಲೆಯನ್ನು ಕೈಯಳತೆಯಲ್ಲಿ ಹಾಕುತ್ತಾರೆ. ಇದನ್ನು ಔಷಧಿಯ ಹಾಗೆ ತೂಗಿ ಹಾಕುತ್ತಿದ್ದಾಳೆ. ದಾರಿಯುದ್ದಕ್ಕೂ ಒಂದಕ್ಕೊಂದು ಹೊಲಿಗೆ ಹಾಕುತ್ತ ಹೋದಳು. ಮನೆ ಸೇರುವಾಗ ಇಡೀ ಅಂಗಿ ಸಿದ್ಧವಾಗಿತ್ತು: ವ್ಯಾಪಾರ ಬೆಳೆಯಲಿ ಎಂದು ಮೈದುನ ಅದೇ ನೈಟ್ರೈಟನ್ನು ಕದ್ದು ಹಾಕುತ್ತಿದ್ದಾನೆ, ಹೆಂಡತಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿದ್ದಾನೆ, ಒಡಹುಟ್ಟಿದ ಅಣ್ಣನಿಗೇ ತಿನ್ನಿಸುತ್ತಿದ್ದಾನೆ.

ರಜೆಯ ದಿನ ಎಲ್ಲರೂ ಅಂಗಡಿಯ ಮೇಲಿನ ಅತ್ತೆಯ ಮನೆಯಲ್ಲಿ ಊಟಕ್ಕೆ ಸೇರಿದರು. ಮೇಜಿನ ನಡುವೆ ಅದೇ ತಿಳಿಗೆಂಪು ಮಾಂಸ. ಮೈದುನ ಅಣ್ಣನ ತಟ್ಟೆಗೆ ಬಡಿಸಲು ಹೋದಾಗ ಸೂಜಿಯಕ್ಕ ತಟ್ಟೆಯನ್ನು ಪಕ್ಕಕ್ಕೆಳೆದಳು.

"ಇದಕ್ಕೆ ಏನು ಹಾಕ್ತಿದ್ದೀಯ, ಈಗ್ಲಾದ್ರೂ ನಿಜ ಹೇಳು."

"ಏನತ್ತಿಗೆ?"

"ಆ ಪುಡಿ. ಸಂರಕ್ಷಕ ಇಲ್ಲ ಅಂತ ಬೋರ್ಡು ಹಾಕಿ ಊರಿನ ಕಿವಿಗೆ ಹೂವಿಟ್ಟೆ, ಆಯ್ತು. ಸ್ವಂತ ಅಣ್ಣನಿಗೂ ಇಡಬೇಕಾ? ಇವರು ಬಸ್ಸಲ್ಲಿ ಜನ ತುಂಬಿಕೊಂಡು ಹೋಗೋರು. ಕಣ್ಣು ಕತ್ತಲೆ ಬಂದು ಏನಾದ್ರೂ ಆದ್ರೆ ನಿನ್ನ ಗಾಜಿನ ಕಪಾಟು ಬಂದು ಉತ್ತರ ಕೊಡುತ್ತಾ?"

ಮೈದುನ ಸೌಟು ಕೆಳಗಿಟ್ಟು, ಮೆಟ್ಟಿಲಿಳಿದು ಅಂಗಡಿಗೆ ಹೋಗಿ ಚೀಲವನ್ನೇ ಹೊತ್ತು ತಂದು ಮೇಜಿನ ಮೇಲಿಟ್ಟ. ಅದರ ಮೇಲೆ ಹಸಿರು ದಂಟಿನ ದೊಡ್ಡ ಚಿತ್ರ. ಕೆಳಗೆ: 'ನೈಸರ್ಗಿಕ ಸೆಲರಿ ಪುಡಿ. ಸಮುದ್ರದ ಉಪ್ಪು.' ಮತ್ತೇನೂ ಇಲ್ಲ. ಅವಳು ತಿರುಗಿಸಿ ನೋಡಿದಳು. ಹಿಂದೆಯೂ ಅಷ್ಟೇ.

"ತರಕಾರಿ ಅತ್ತಿಗೆ, ತರಕಾರಿ" ಎಂದ ಮೈದುನ. "ಸೂಪಿಗೆ ಹಾಕ್ತಾರಲ್ಲ ಸೆಲರಿ, ಅದು. ಬೇಕಾದ್ರೆ ಈಗಲೇ ನಾಲ್ಕು ಚಮಚ ಬಾಯಿಗೆ ಹಾಕ್ಕೊಳ್ತೀನಿ, ನೋಡಿ."

"ನಿನ್ನ ಕಣ್ಣಿಗೆ ತರಕಾರಿನೂ ಕಳ್ಳನ ಥರ ಕಾಣುತ್ತಲ್ಲ" ಎಂದರು ಅತ್ತೆ. "ಮಾತು ಮನೆ ಕೆಡಿಸ್ತು, ತೂತು ಓಲೆ ಕೆಡಿಸ್ತು ಅಂತ ಸುಮ್ಮನೆ ಹೇಳಿದ್ರಾ ಹಿರಿಯರು."

ಗಂಡ ಮನೆಗೆ ಹೋಗುವಾಗ ಅವಳಿಗಿಂತ ಮುಂದೆ ಮುಂದೆ ನಡೆದ.

ಅವಳಿಗೆ ನಾಚಿಕೆಯೂ ಆಯಿತು, ನಿದ್ದೆಯೂ ಕೆಟ್ಟಿತು. ತಾನು ಮಾಡಿದ್ದು ತಪ್ಪು ಎಂದು ಒಂದು ಮನಸ್ಸು. ಇನ್ನೊಂದು ಮನಸ್ಸು ಮಾತ್ರ ಹಟ ಹಿಡಿದ ಮಗುವಿನ ಹಾಗೆ ಸೆರಗು ಬಿಡುತ್ತಿರಲಿಲ್ಲ: ಸೊಪ್ಪಿನ ಪುಡಿ ಹಾಕಿದರೆ ಮಾಂಸ ಹಸಿರಾಗಬೇಕು, ಕೆಂಪು ಯಾಕೆ ಉಳಿಯಬೇಕು? ಸೂಪಿಗೆ ಸೆಲರಿ ಹಾಕುವವರು ತಕ್ಕಡಿ ಇಟ್ಟುಕೊಳ್ಳುತ್ತಾರಾ?

ಕೆಲವು ದಿನ ಕಳೆದು ಓರಗಿತ್ತಿ ಮೆಟ್ಟಿಲ ಕೆಳಗಿನ ಅಂಗಡಿಗೆ ಬಂದಳು. ಕೈಯಲ್ಲಿ ಹರಿದ ಏಪ್ರನ್ನು. ಸೂಜಿಯಕ್ಕ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಹರಿದದ್ದಲ್ಲ, ಕತ್ತರಿ ಆಡಿಸಿದ್ದು. ನೆಪ ಬೇಕಿತ್ತು ಎಂದು ತಿಳಿಯಿತು. ಸ್ಟೂಲು ಮುಂದೆ ತಳ್ಳಿದಳು.

"ಅಕ್ಕ, ಅವತ್ತು ಚೀಲ ತಳ್ಳಿದ್ದು ಬಚ್ಚಿಡೋಕಲ್ಲ. ನೀವು ಎಡವಿ ಬೀಳ್ತೀರೇನೋ ಅಂತ."

"ಹೂಂ."

"ಆದ್ರೆ ನನಗೂ ಒಂದು ಅನುಮಾನ. ಇವರ ಹತ್ರ ಹೇಳೋಕೆ ಧೈರ್ಯ ಇಲ್ಲ." ಅವಳು ದನಿ ತಗ್ಗಿಸಿದಳು. "ಒಂದು ಸಲ ಪುಡಿ ಹಾಕೋದು ಮರೆತೆ. ಬರೀ ಉಪ್ಪು, ಹೊಗೆ. ಆ ಮಾಂಸ ಬೂದು ಬಣ್ಣಕ್ಕೆ ತಿರುಗಿ ಬೇಗ ವಾಸನೆ ಬಂತು. ಪುಡಿ ಹಾಕಿದ್ದು ಮಾತ್ರ ಎಷ್ಟು ದಿನ ಇಟ್ರೂ ಹಾಗೇ ಇರುತ್ತೆ. ಪುಡಿ ಮಾರೋನು ಅಳತೆ ಒಂದು ಚೂರೂ ಹೆಚ್ಚಾಗಬಾರದು ಅಂತ ಮೂರ್ಮೂರು ಸಲ ಹೇಳಿದ್ದ. ಬರೀ ತರಕಾರಿ ಆದ್ರೆ ಹೆಚ್ಚಾದ್ರೇನಕ್ಕ?"

ಸೂಜಿಯಕ್ಕ ಏಪ್ರನ್ನಿನ ಕತ್ತರಿಸಿದ ಅಂಚುಗಳನ್ನು ಜೋಡಿಸಿ ಗುಂಡುಸೂಜಿ ಚುಚ್ಚಿದಳು. ತಾನು ಕಳ್ಳಿ ಅಂದುಕೊಂಡವಳು ತನ್ನ ಹಾಗೇ ಒಳಗೊಳಗೆ ಎಳೆ ಕಿತ್ತು ನೋಡುತ್ತಿದ್ದಳಲ್ಲ. "ಆ ಮಾರೋನು ಇನ್ಯಾವಾಗ ಬರ್ತಾನೆ?" ಎಂದು ಕೇಳಿದಳು.

ಅವನು ಬಂದ ದಿನ ಕೌಂಟರಿನ ಹಿಂದೆ ಏಪ್ರನ್ನು ಕಟ್ಟಿಕೊಂಡು ಸೂಜಿಯಕ್ಕ ಕೂತಿದ್ದಳು. ಮೈದುನ ಒಳಗಿನ ತಣ್ಣನೆ ಕೋಣೆಯಲ್ಲಿ ಮಾಂಸ ತೂಗುಹಾಕುತ್ತಿದ್ದ. ಅತ್ತಿಗೆ ಬಂದಿರುವುದು ಅವನಿಗೆ ಗೊತ್ತಿರಲಿಲ್ಲ. ಪುಡಿ ಮಾರುವವನು ನುಣ್ಣಗೆ ಕ್ಷೌರ ಮಾಡಿಕೊಂಡ, ನಗುಮುಖದ ಮನುಷ್ಯ. ಸ್ವಂತ ಅಕ್ಕನನ್ನು ಮಾತಾಡಿಸುವ ಹಾಗೆ ಮಾತಾಡಿಸಿದ.

"ಇವರು ನಮ್ಮಕ್ಕ" ಎಂದಳು ಓರಗಿತ್ತಿ. "ಇವರೂ ಒಂದು ಅಂಗಡಿ ಹಾಕಬೇಕು ಅಂತಿದ್ದಾರೆ."

"ಹಾಕಿ ಅಕ್ಕ, ಒಳ್ಳೇ ಕಾಲ. ಜನ ಈಗ ನ್ಯಾಚುರಲ್ ಅಂದ್ರೆ ಕಣ್ಣು ಮುಚ್ಚಿ ತಗೊಳ್ತಾರೆ."

"ನನಗೊಂದು ಹೆದರಿಕೆ ಇದೆಯಪ್ಪ" ಎಂದಳು ಸೂಜಿಯಕ್ಕ, ಆದಷ್ಟು ಪೆದ್ದಿಯ ಮುಖ ಮಾಡಿಕೊಂಡು. "ಆ ನೈಟ್ರೈಟ್ ಹಾಕದಿದ್ರೆ ಬಣ್ಣ ನಿಲ್ಲಲ್ಲ, ಬೇಗ ಕೆಡುತ್ತೆ ಅಂತಾರಲ್ಲ? ನಿನ್ನ ಪುಡಿಯಿಂದ ಅದೆಲ್ಲ ಆಗುತ್ತಾ?"

ಅವನು ನಕ್ಕ. ಗಿರಾಕಿ ಹೆದರಿದ್ದಾಳೆ, ಇನ್ನೊಂದು ಮಾತಿಗೆ ಒಪ್ಪುತ್ತಾಳೆ ಎಂದು ಗೊತ್ತಿರುವವನ ನಗು. "ಅದೇ ಇದು ಅಕ್ಕ. ಸೆಲರಿಯಲ್ಲಿ ಅದರ ಮೂಲ ಇರುತ್ತೆ. ನಾವು ಫ್ಯಾಕ್ಟರಿಯಲ್ಲೇ ಹುಳಿ ಬರಿಸಿ, ನೈಟ್ರೈಟ್ ಮಾಡಿಸಿ, ಆಮೇಲೆ ಪುಡಿ ಮಾಡ್ತೀವಿ. ಅದು ಮಾಡೋ ಕೆಲಸವೇ ಇದೂ ಮಾಡೋದು. ಬಣ್ಣವೂ ನಿಲ್ಲುತ್ತೆ, ಬಾಳಿಕೆಯೂ ಬರುತ್ತೆ. ಚೀಟಿ ಮೇಲೆ ಮಾತ್ರ ಆ ಹೆಸರು ಬರೆಯೋ ಕರ್ಮ ಇಲ್ಲ."

"ಅಂದ್ರೆ ಹಾಕಿದ ಹಾಗೂ ಆಯ್ತು, ಹಾಕದ ಹಾಗೂ ಆಯ್ತು."

"ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಕ್ಕ. ವ್ಯಾಪಾರ ಅಂದ್ರೆ ಇಷ್ಟೇ."

ತಣ್ಣನೆ ಕೋಣೆಯ ಬಾಗಿಲು ತೆರೆದಿತ್ತು. ಮೈದುನ ಅಲ್ಲಿ ನಿಂತಿದ್ದ, ಕೈಯಲ್ಲಿ ಕೊಕ್ಕೆ, ಹಿಂದಿನಿಂದ ತಣ್ಣನೆ ಹಬೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ನನಗೆ ಬರೀ ತರಕಾರಿ ಅಂದಿದ್ರಿ" ಎಂದ.

ಪುಡಿಯವನು ಅವನನ್ನು ನೋಡಿದ, ಸೂಜಿಯಕ್ಕನನ್ನು ನೋಡಿದ. ನಗು ಸ್ವಲ್ಪವೇ ಜಾರಿತು. "ತರಕಾರಿನೇ ಅಲ್ವಾ ಅಣ್ಣ? ಅದರಲ್ಲಿ ನಾನು ಸುಳ್ಳೇನು ಹೇಳಿದೆ?"

"ನಾನು ಸಂರಕ್ಷಕ ಇಲ್ಲ ಅಂತ ಬೋರ್ಡು ಹಾಕಿದೀನಿ. ನನ್ನ ಅಣ್ಣನಿಗೆ ತಿನ್ನಿಸಿದೀನಿ."

"ನೀವೇನೂ ಬೇರೆ ಸೇರಿಸಿಲ್ಲವಲ್ಲ. ಸೇರಿದ್ದು ಸೆಲರಿಯ ಗುಣ. ಅದಕ್ಕೆ ನೀವು ಯಾಕೆ ತಲೆ ಕೆಡಿಸ್ಕೊಳ್ತೀರಿ?"

ಮೈದುನ ಕೂಗಾಡಲಿಲ್ಲ. ಕೊಕ್ಕೆಯನ್ನು ಗೋಡೆಗೆ ಸಿಕ್ಕಿಸಿ, ಹೊಸದಾಗಿ ಬಂದಿದ್ದ ಚೀಲಗಳನ್ನು ಒಂದೊಂದಾಗಿ ಎತ್ತಿ ಬಾಗಿಲಾಚೆ ಇಟ್ಟ. ಪುಡಿಯವನು ಅವನ್ನು ಗಾಡಿಗೆ ತುಂಬಿಕೊಂಡು, ಮನಸ್ಸು ಬದಲಾದರೆ ಹೇಳಿ ಕಳಿಸಿ ಎಂದು ನಮಸ್ಕಾರ ಮಾಡಿಯೇ ಹೋದ.

ಅಂಗಡಿಯಲ್ಲಿ ಮೂವರೇ ಉಳಿದರು. ಸೂಜಿಯಕ್ಕ ಏಪ್ರನ್ನು ಬಿಚ್ಚಿ ಮಡಿಸಿದಳು. ಬಿಚ್ಚಿ ಮತ್ತೆ ಮಡಿಸಿದಳು. ಕ್ಷಮೆ ಕೇಳುವುದು ಅವಳಿಗೆ ಹಳೆಯ ಗುಂಡಿಗೆ ಹೊಸ ಕಾಜು ಹೊಲಿದಂತೆ, ಎಂದೂ ಸರಿಯಾಗಿ ಕೂರುತ್ತಿರಲಿಲ್ಲ.

"ನಿನ್ನ ಮೇಲೆ ಹೇಳಿದ್ದು ತಪ್ಪಾಯ್ತು" ಎಂದಳು.

ಮೈದುನ ಬೋರ್ಡನ್ನು ಕೆಳಗಿಳಿಸುತ್ತಿದ್ದವನು ತಿರುಗಿ ನೋಡಲಿಲ್ಲ. "ತಪ್ಪು ಅಂತ ಗೊತ್ತಾಗೋಕೆ ನಿಮಗೆ ಸಾಕ್ಷಿ ಬೇಕಾಯ್ತಲ್ಲ ಅತ್ತಿಗೆ" ಎಂದ.

ವಸ್ತುವಿನ ಬಗ್ಗೆ ಅವಳ ಅನುಮಾನ ನಿಜವಾಗಿತ್ತು, ಮನುಷ್ಯನ ಬಗ್ಗೆ ಸುಳ್ಳಾಗಿತ್ತು. ಮೊದಲನೆಯದರ ಸಂತೋಷ ಎರಡನೆಯದನ್ನು ಮುಚ್ಚಲಿಲ್ಲ.

ಮೈದುನ ಬರೀ ಉಪ್ಪು ಹೊಗೆಯ ಮಾಂಸ ಮಾಡಿ ಕಪಾಟಿನಲ್ಲಿಟ್ಟ. ಬೂದು ಬಣ್ಣದ್ದು, ಸ್ವಲ್ಪ ದಿನವಷ್ಟೇ ಉಳಿಯುವಂಥದ್ದು. ಗಿರಾಕಿಗಳು ಗಾಜಿಗೆ ಮೂಗು ತಾಗಿಸಿ ನೋಡಿ, "ಇದೇನು, ಹಳಸಿದೆಯಾ?" ಎಂದು ಕೇಳತೊಡಗಿದರು. ಮೊದಲಿನ ಕೆಂಪು ಮಾಂಸವನ್ನು ಒಂದೂ ಪ್ರಶ್ನೆ ಕೇಳದೆ ಕೊಂಡವರು ಈಗ ಅಂಗಡಿಯವನನ್ನೇ ಓರೆಗಣ್ಣಿನಿಂದ ನೋಡಿ ಸೂಪರ್ ಮಾರ್ಕೆಟ್ಟಿನ ಕಡೆ ನಡೆದರು. ಗೂಡಿನಲ್ಲಿ ಹೊಗೆಯಿಲ್ಲದ ದಿನಗಳೂ ಬಂದವು. ಕೊನೆಗೆ ಅವನು ಪುಡಿಯವನಿಗೆ ಹೇಳಿ ಕಳಿಸಿ, ಎರಡು ತಟ್ಟೆ ಇಡಲು ನಿರ್ಧರಿಸಿದ: ಒಂದು ಪುಡಿ ಹಾಕಿದ್ದು, ಒಂದು ಹಾಕದ್ದು. ಬೋರ್ಡು ಬರೆಯುವಾಗ ಸೂಜಿಯಕ್ಕ ಎದುರಿಗೇ ಇದ್ದಳು. ಅಷ್ಟು ದಿನ ಹೆಂಡತಿಯ ಮೂಲಕವೇ ಅವಳ ಜೊತೆ ಮಾತಾಡುತ್ತಿದ್ದವನು ಅವತ್ತು ಮೊದಲ ಸಲ ನೇರವಾಗಿ ಕೇಳಿದ.

"ಇಷ್ಟು ಸಾಕಾ ಅತ್ತಿಗೆ? 'ಇದರಲ್ಲಿ ಸೆಲರಿ ಪುಡಿ ಇದೆ, ಆ ಪುಡಿಯಲ್ಲಿ ನೈಟ್ರೈಟ್ ಇರುತ್ತದೆ.'"

"ಸೆಲರಿ ದೊಡ್ಡದಾಗಿ ಬರೆದಿದ್ದೀಯ, ನೈಟ್ರೈಟ್ ಸಣ್ಣದಾಗಿ."

"ಜಾಗ ಸಾಲಲಿಲ್ಲ."

"ಎಲ್ಲರಿಗೂ ಅಲ್ಲೇ ಜಾಗ ಸಾಲದೆ ಬರೋದು."

ಅವನು ಗೊಣಗುತ್ತ ಅಳಿಸಿ, ಎರಡನ್ನೂ ಒಂದೇ ಅಳತೆಯಲ್ಲಿ ಬರೆದ.

ಗಂಡನ ತಲೆನೋವು ಬಹುಮಟ್ಟಿಗೆ ಇಳಿಯಿತು. ಪೂರ್ತಿ ಹೋಯಿತು ಎಂದರೆ ಸುಳ್ಳಾದೀತು. ಯಾವ ಮಾಂಸವನ್ನೂ ತಿನ್ನದ ಒಂದು ಬಿಸಿಲಿನ ದಿನವೂ ಅದು ಬಂದಿತ್ತು. ಡಾಕ್ಟರಮ್ಮ, ಬಿಸಿಲಿಗೂ ನಿದ್ದೆಗೇಡಿಗೂ ಅದರಲ್ಲಿ ಪಾಲಿರುತ್ತದೆ, ಎಲ್ಲದಕ್ಕೂ ಒಂದೇ ಕಳ್ಳನನ್ನು ಹುಡುಕಬೇಡಿ ಎಂದರು. ಬೂದು ಮಾಂಸದ ರುಚಿ ಹೇಗಿದೆ ಎಂದು ಕೇಳಿದರೆ ಅವನು "ಬಣ್ಣ ನೋಡದೆ ತಿಂದ್ರೆ ಪರವಾಗಿಲ್ಲ" ಎನ್ನುತ್ತಿದ್ದ. ಅವನು ಅವಳನ್ನು ಕ್ಯಾಂಟೀನಿನ ವಿಷಯಕ್ಕೆ ಮ​ತ್ತೆಂದೂ ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತು.

ಒಂದು ಮಧ್ಯಾಹ್ನ ಅಪರಿಚಿತ ಹೆಂಗಸೊಬ್ಬಳು ಮೆಟ್ಟಿಲ ಕೆಳಗಿನ ಅಂಗಡಿಯ ಮುಂದೆ ಬಂದು ನಿಂತಳು. ಕೈಯಲ್ಲಿ ಬಟ್ಟೆ ಇರಲಿಲ್ಲ.

"ಮಾಂಸದಂಗಡಿಯವರ ಅತ್ತಿಗೆ ನೀವೇನಾ?"

"ಹೌದು, ಯಾಕೆ?"

"ನಮ್ಮ ಅಮ್ಮನಿಗೆ ಪ್ಯಾಕೆಟ್ ಮಾಂಸ ಆಗಲ್ಲ, ತಲೆನೋವು. ಅವರ ಅಂಗಡಿಯ ಆ ಬೂದು ಮಾಂಸದಲ್ಲಿ ನಿಜವಾಗ್ಲೂ ಏನೂ ಇಲ್ವಾ ಅಂತ ಕೇಳಿದೆ. ಅವರು, 'ಹೋಗಿ ನಮ್ಮ ಅತ್ತಿಗೆನ ಕೇಳಿ, ಅವರು ನನ್ನನ್ನೂ ನಂಬಲ್ಲ' ಅಂದ್ರು."

ಸೂಜಿಯಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ದಾರವನ್ನು ತೆಗೆದಳು. ಮೈದುನ ಅದನ್ನು ನಗುತ್ತ ಹೇಳಿದನೋ, ನೊಂದು ಹೇಳಿದನೋ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

"ಕಳೆದ ವಾರ ನಾನೇ ನಿಂತು ನೋಡಿದೆ, ಉಪ್ಪು, ಮೆಣಸು, ಹೊಗೆ ಅಷ್ಟೇ" ಎಂದಳು. "ಈ ವಾರದ್ದು ನೋಡಿಲ್ಲ. ಆದ್ರೂ ತಗೊಳ್ಳಿ. ಅವನು ಸುಳ್ಳು ಹೇಳೋನಲ್ಲ."